ಪ್ರವಾಸ ವಿಮೆಯ ಕ್ಲೇಮ್ ತಿರಸ್ಕಾರವಾಯಿತೇ? ದೂರು ಮೊದಲು ಯಾರಿಗೆ, ಆಮೇಲೆ ಯಾರಿಗೆ

ಕಂಪನಿ ಕೊಟ್ಟ ತಿರಸ್ಕಾರ ಪತ್ರ ಹಿಡಿದು ಜನ ನೇರವಾಗಿ ಓಂಬುಡ್ಸ್‌ಮನ್‌ಗೆ, ಅಂದರೆ ವಿಮೆಯ ಜಗಳಗಳಲ್ಲಿ ತೀರ್ಪು ಕೊಡುವ ಅಧಿಕಾರಿಗೆ, ಅರ್ಜಿ ಹಾಕುತ್ತಾರೆ. ಅರ್ಜಿ ವಾಪಸ್ ಬರುತ್ತದೆ. 'ಯಾರಿಗೆ ಹೇಳಿದ್ರೂ ಅಷ್ಟೇ' ಎಂದು ಕೈಚೆಲ್ಲುತ್ತಾರೆ. ಈ ಕಥೆ ನನಗೆ ಬಾಯಿಪಾಠವಾಗುವಷ್ಟು ಸಲ ಕೇಳಿದ್ದೇನೆ.

ನಾನೂ ಈ ಹಳ್ಳಕ್ಕೆ ಬಿದ್ದು ಎದ್ದವನೇ. ಒಂದು ಪ್ರವಾಸದಲ್ಲಿ ನಮ್ಮ ಬ್ಯಾಗ್ ಎರಡು ದಿನ ತಡವಾಗಿ ಬಂತು. ವಿಮಾ ಕಂಪನಿ ದುಡ್ಡು ಕೊಡಲಿಲ್ಲ. ಕಸ್ಟಮರ್ ಕೇರ್‌ಗೆ ಐದಾರು ಸಲ ಫೋನ್ ಮಾಡಿ ಜಗಳವಾಡಿದೆ. ಅದನ್ನೇ ದೂರು ಅಂದುಕೊಂಡಿದ್ದೆ. ಮುಂದಿನ ಕಚೇರಿಯಲ್ಲಿ 'ಕಂಪನಿಗೆ ಕೊಟ್ಟ ದೂರಿನ ಪ್ರತಿ ಎಲ್ಲಿ?' ಎಂದು ಕೇಳಿದಾಗ ತೋರಿಸಲು ನನ್ನ ಹತ್ತಿರ ಏನೂ ಇರಲಿಲ್ಲ.

ಹಾಗಾಗಿ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕ್ಲೇಮ್ ಬೇರೆ, ದೂರು ಬೇರೆ. ಕ್ಲೇಮ್ ಎಂದರೆ ದುಡ್ಡು ಕೇಳುವುದು. 'ನೀವು ಕೊಡದೇ ಇದ್ದದ್ದು ತಪ್ಪು' ಎಂದು ಬರವಣಿಗೆಯಲ್ಲಿ ತಿಳಿಸುವುದು ದೂರು. ಈ ಎರಡನೆಯ ಕಾಗದ ಇಲ್ಲದೆ ಮುಂದಿನ ಬಾಗಿಲು ತೆರೆಯುವುದಿಲ್ಲ.

ಶುರು ಮಾಡುವ ಮುಂಚೆ: ಏನೇನು ಕೈಯಲ್ಲಿರಬೇಕು

ಒಂದು ಫೋಲ್ಡರ್ ಮಾಡಿಕೊಳ್ಳಿ. ಫೋನಿನಲ್ಲಿ ಒಂದು, ಕಾಗದದ್ದು ಒಂದು. ಅದರಲ್ಲಿ ಇವು ಇರಲಿ:

- ಪಾಲಿಸಿಯ ಪೂರ್ತಿ ಪ್ರತಿ. ಒಂದು ಪುಟದ ಸರ್ಟಿಫಿಕೇಟ್ ಸಾಲದು, ಷರತ್ತುಗಳಿರುವ ಉದ್ದನೆಯ ಕಡತವೇ ಬೇಕು
- ಪಾಲಿಸಿ ಕೊಳ್ಳುವಾಗ ನೀವು ತುಂಬಿದ ಅರ್ಜಿಯ ಪ್ರತಿ
- ಟಿಕೆಟ್, ಬೋರ್ಡಿಂಗ್ ಪಾಸ್, ಪಾಸ್‌ಪೋರ್ಟ್‌ನ ಮುದ್ರೆ ಬಿದ್ದ ಪುಟಗಳು
- ಬಿಲ್, ರಸೀದಿ, ಆಸ್ಪತ್ರೆಯ ಡಿಸ್ಚಾರ್ಜ್ ಪತ್ರ
- ಕಂಪನಿ ಕಳಿಸಿದ ಪ್ರತಿಯೊಂದು ಇಮೇಲ್, ಮೆಸೇಜ್

ಜೊತೆಗೆ ಒಂದು ಹಾಳೆಯಲ್ಲಿ ತಾರೀಕುಗಳ ಪಟ್ಟಿ ಬರೆಯಿರಿ. ಯಾವತ್ತು ಏನಾಯಿತು, ಯಾವತ್ತು ತಿಳಿಸಿದಿರಿ, ಯಾವತ್ತು ಉತ್ತರ ಬಂತು. ಮುಂದೆ ಪ್ರತಿ ಕಚೇರಿಯಲ್ಲೂ ಮೊದಲು ಕೇಳುವುದು ಇದನ್ನೇ.

ಹಂತ 1: ನಿಮ್ಮ ಹತ್ತಿರ ಇರುವುದು ನಿಜವಾಗಿ ವಿಮೆಯೇ, ನೋಡಿ

ನಗಬೇಡಿ. ಟಿಕೆಟ್ ಬುಕ್ ಮಾಡುವ ಆ್ಯಪ್‌ಗಳಲ್ಲಿ 'ಕ್ಯಾನ್ಸಲ್ ಮಾಡಿದರೆ ಪೂರ್ತಿ ಹಣ ವಾಪಸ್' ಎಂಬ ಆಯ್ಕೆ ಇರುತ್ತದೆ ಅಲ್ವಾ? ಅದು ಎಷ್ಟೋ ಸಲ ವಿಮೆಯಲ್ಲ, ಆ ಆ್ಯಪ್ ತಾನೇ ಕೊಡುವ ಸೇವೆ. ಅದಕ್ಕೆ ವಿಮೆಯ ನಿಯಮಗಳು ಅನ್ವಯಿಸುವುದಿಲ್ಲ.

ವಿಮೆಯಾದರೆ ಕಾಗದದ ಮೇಲೆ ವಿಮಾ ಕಂಪನಿಯ ಹೆಸರು, ಐಆರ್‌ಡಿಎಐ ನೋಂದಣಿ ಸಂಖ್ಯೆ, ಆ ಪಾಲಿಸಿಯ ಯುಐಎನ್ ಎಂಬ ಗುರುತಿನ ಸಂಖ್ಯೆ ಇರುತ್ತವೆ. ಐಆರ್‌ಡಿಎಐ ಎಂದರೆ ವಿಮಾ ಕಂಪನಿಗಳ ಮೇಲೆ ಕಣ್ಣಿಡುವ ಕೇಂದ್ರ ಪ್ರಾಧಿಕಾರ. 1999ರ ಕಾಯ್ದೆಯಡಿ ಬಂದದ್ದು, ಮುಖ್ಯ ಕಚೇರಿ ಹೈದರಾಬಾದ್‌ನಲ್ಲಿದೆ. ಈ ಸಂಖ್ಯೆಗಳು ಎಲ್ಲೂ ಕಾಣದಿದ್ದರೆ ಹಂತ 3ರಿಂದ 6ರವರೆಗೆ ಓದುವುದು ದಂಡ. ನೇರವಾಗಿ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಅದರಿಂದ ಆಗದಿದ್ದರೆ ಹಂತ 7.

ನೀವು ಕೇಳದೆಯೇ ಟಿಕೆಟ್ ಜೊತೆ ವಿಮೆ ಸೇರಿಕೊಂಡಿದ್ದರೆ ಅದೂ ದೂರಿನ ವಿಷಯವೇ. ಪೋರ್ಟಲ್‌ಗಳು ವಿಮೆಯ ಚೌಕಕ್ಕೆ ಮೊದಲೇ ಟಿಕ್ ಹಾಕಿಡಬಾರದು ಎಂದು ಐಆರ್‌ಡಿಎಐ 2019ರಲ್ಲೇ ಹೇಳಿದೆ. ಆ್ಯಪ್, ವೆಬ್‌ಸೈಟ್‌ಗಳು ಗ್ರಾಹಕರನ್ನು ದಾರಿ ತಪ್ಪಿಸುವುದಕ್ಕೆ 'ಡಾರ್ಕ್ ಪ್ಯಾಟರ್ನ್' ಎನ್ನುತ್ತಾರೆ. ಅದರ ಬಗ್ಗೆ 2023ರ ನವೆಂಬರ್‌ನಲ್ಲಿ ಬಂದ ಮಾರ್ಗಸೂಚಿಯಲ್ಲಿ ಇಂಥ 13 ಕುತಂತ್ರಗಳ ಪಟ್ಟಿ ಇದೆ. ವಿಮೆ ಬೇಡ ಎಂದವರಿಗೆ 'ನಾನು ಅಸುರಕ್ಷಿತವಾಗಿಯೇ ಇರುತ್ತೇನೆ' ಎಂಬ ಬಟನ್ ಒತ್ತಿಸಿ ಹೆದರಿಸುವುದೂ ಅದರಲ್ಲಿ ಉದಾಹರಣೆಯಾಗಿ ಬಂದಿದೆ. ಆ ಪುಟದ ಸ್ಕ್ರೀನ್‌ಶಾಟ್ ಇಟ್ಟುಕೊಂಡು 1915ಕ್ಕೇ ದೂರು ಕೊಡಿ.

ಇನ್ನೊಂದು ಗೊಂದಲ, ಅಮೆರಿಕಕ್ಕೆ ಮಕ್ಕಳ ಮನೆಗೆ ಹೋಗುವ ಅಪ್ಪ ಅಮ್ಮಂದಿರದ್ದು. ಮಗಳು ಅಲ್ಲಿಂದಲೇ ಅಲ್ಲಿನ ಕಂಪನಿಯ ವಿಸಿಟರ್ ಇನ್ಶೂರೆನ್ಸ್ ಕೊಂಡಿರುತ್ತಾಳೆ. ತೊಂದರೆಯಾದಾಗ ಬೆಂಗಳೂರಿನಲ್ಲಿ ದೂರು ಕೊಡಲು ಓಡಾಡುತ್ತಾರೆ. ಆಗುವುದಿಲ್ಲ. ಅಮೆರಿಕದಲ್ಲಿ ವಿಮೆಯ ನಿಯಂತ್ರಣ ಆಯಾ ರಾಜ್ಯ ಸರ್ಕಾರದ್ದು. ಮಗಳು ಕ್ಯಾಲಿಫೋರ್ನಿಯಾದಲ್ಲಿದ್ದರೆ ಅಲ್ಲಿನ ಇನ್ಶೂರೆನ್ಸ್ ಇಲಾಖೆಯಿಂದ ವಿಚಾರಣೆ ಶುರು ಮಾಡಬೇಕು, ಅದನ್ನು ಅವಳೇ ಅಲ್ಲಿಂದ ಮಾಡುವುದು ಸುಲಭ. ಇಲ್ಲಿನ ಕಂಪನಿಯ ಪಾಲಿಸಿಯಾದರೆ ಮಾತ್ರ ಮುಂದೆ ಓದಿ.

ಹಂತ 2: ತಪ್ಪು ಯಾರದ್ದು, ಬೇರ್ಪಡಿಸಿ

ವಿಮಾನ ಸಂಸ್ಥೆಯ ಮೇಲಿನ ಸಿಟ್ಟನ್ನು ವಿಮಾ ಕಂಪನಿಯ ದೂರಿನಲ್ಲಿ ಸೇರಿಸಬೇಡಿ. ಓಂಬುಡ್ಸ್‌ಮನ್ ವಿಮಾನ ಸಂಸ್ಥೆಯನ್ನು ಕರೆಸುವುದಿಲ್ಲ. ಟ್ರಾವೆಲ್ ಏಜೆಂಟನ್ನೂ ಕೇಳುವುದಿಲ್ಲ.

ಲಗೇಜ್ ವಿಷಯದಲ್ಲಂತೂ ಎರಡು ದಾರಿ ಒಟ್ಟಿಗೇ ನಡೆಯುತ್ತವೆ. ವಿಮಾನ ನಿಲ್ದಾಣದಿಂದ ಹೊರಗೆ ಕಾಲಿಡುವ ಮೊದಲೇ ವಿಮಾನ ಸಂಸ್ಥೆಯ ಕೌಂಟರ್‌ನಲ್ಲಿ ಬ್ಯಾಗ್ ಬಂದಿಲ್ಲ ಅಥವಾ ಒಡೆದಿದೆ ಎಂದು ದಾಖಲಿಸುವ ಪಿಐಆರ್ ಎಂಬ ವರದಿ ಬರೆಸಿಕೊಳ್ಳಬೇಕು. ಅದಿಲ್ಲದೆ ವಿಮಾ ಕಂಪನಿ ಕೇಳುವುದೇ ಇಲ್ಲ. ಅಂತಾರಾಷ್ಟ್ರೀಯ ಪ್ರಯಾಣದಲ್ಲಿ ವಿಮಾನ ಸಂಸ್ಥೆಗೆ ಪ್ರತ್ಯೇಕವಾಗಿ ಬರವಣಿಗೆಯಲ್ಲಿ ದೂರು ಕೊಡಬೇಕು. ಬ್ಯಾಗ್ ಒಡೆದಿದ್ದರೆ ಕೈಗೆ ಬಂದ 7 ದಿನದೊಳಗೆ, ತಡವಾಗಿ ಬಂದಿದ್ದರೆ ಬಂದ 21 ದಿನದೊಳಗೆ. ಇದು ಅಂತಾರಾಷ್ಟ್ರೀಯ ವಿಮಾನ ಪ್ರಯಾಣಕ್ಕೆ ಅನ್ವಯಿಸುವ ಮಾಂಟ್ರಿಯಲ್ ಒಪ್ಪಂದದ ಗಡುವು. ಎಷ್ಟೋ ಜನ ವಿಮೆಯ ಉತ್ತರಕ್ಕೆ ಕಾಯುತ್ತಾ ಈ ಗಡುವು ಕಳೆದುಕೊಳ್ಳುತ್ತಾರೆ.

ವಿಮಾನ ತಡವಾದರೆ ಎಷ್ಟು ಗಂಟೆ ತಡ, ಯಾವ ಕಾರಣಕ್ಕೆ ತಡ ಎಂದು ವಿಮಾನ ಸಂಸ್ಥೆಯಿಂದ ಪತ್ರ ಬೇಕು. ಫೋನಿಗೆ ಬಂದ ಮೆಸೇಜ್ ಸಾಲದು. ಕಾರಣ ನಮೂದಾಗಿರಲೇಬೇಕು.

ಹಂತ 3: ತಿರಸ್ಕಾರ ಪತ್ರವನ್ನು ಪಾಲಿಸಿಯ ಪಕ್ಕದಲ್ಲಿಟ್ಟು ಓದಿ

ಹೆಚ್ಚಿನವರು ಎಡವುವುದು ಇಲ್ಲಿ. ಪತ್ರ ಓದಿ ಸಿಟ್ಟು ಬರುತ್ತದೆ, ಸಿಟ್ಟಿನಲ್ಲೇ ಉತ್ತರ ಬರೆಯುತ್ತಾರೆ. 'ನಾನು ಪ್ರೀಮಿಯಂ ಕಟ್ಟಿದ್ದೇನೆ, ನನಗೆ ಮೋಸವಾಗಿದೆ' ಎಂಬುದು ಭಾವನೆಯಾಯಿತು, ವಾದವಾಗಲಿಲ್ಲ.

ಕಂಪನಿ ಕ್ಲೇಮ್ ತಿರಸ್ಕರಿಸಿದರೆ ಯಾವ ಷರತ್ತಿನ ಪ್ರಕಾರ ಎಂದು ಬರೆಯಲೇಬೇಕು. ಸುಮ್ನೆ 'ಪಾಲಿಸಿ ನಿಯಮದಂತೆ ಬರುವುದಿಲ್ಲ' ಎಂದಿದ್ದರೆ ನಿಮ್ಮ ದೂರಿನ ಮೊದಲ ಅಂಶ ಅಲ್ಲೇ ಸಿಕ್ಕಿತು. ಕಾನೂನಿನಲ್ಲಿ ಪ್ರವಾಸ ವಿಮೆ ಆರೋಗ್ಯ ವಿಮೆಯ ಗುಂಪಿಗೇ ಸೇರುತ್ತದೆ. ಕ್ಲೇಮ್ ತಳ್ಳಿಹಾಕುವ ಮುಂಚೆ ಕಂಪನಿಯೊಳಗಿನ ಪರಿಶೀಲನಾ ಸಮಿತಿಯ ಒಪ್ಪಿಗೆ ಬೇಕು ಎಂದು ಐಆರ್‌ಡಿಎಐನ 2024ರ ಆರೋಗ್ಯ ವಿಮೆ ಸುತ್ತೋಲೆ ಹೇಳುತ್ತದೆ. ಆ ಒಪ್ಪಿಗೆ ಇತ್ತೇ ಎಂದು ಕೇಳಿ.

ಷರತ್ತಿನ ಸಂಖ್ಯೆ ಕೊಟ್ಟಿದ್ದರೆ ಪಾಲಿಸಿಯಲ್ಲಿ ಅದನ್ನು ಹುಡುಕಿ, ಒಂದೊಂದೇ ಪದ ಓದಿ. ಪದೇಪದೇ ಬರುವ ಕಾರಣಗಳು ನಾಲ್ಕೈದೇ.

*'ಮೊದಲೇ ಇದ್ದ ಕಾಯಿಲೆ'.* ಬಿಪಿ, ಶುಗರ್ ಇರುವ ಹಿರಿಯರ ಕ್ಲೇಮ್‌ಗಳಲ್ಲಿ ಇದೇ ಜಾಸ್ತಿ. ಅರ್ಜಿಯಲ್ಲಿ ನೀವು ಕಾಯಿಲೆ ತಿಳಿಸಿದ್ದಿರಾ ಎಂಬುದೇ ಇಲ್ಲಿ ತಿರುವು. ತಿಳಿಸಿದ್ದರೆ ನಿಮ್ಮ ಕೈ ಮೇಲು. ಅಮೆರಿಕಕ್ಕೆ ಹೋಗಿ ಹೃದಯದ ತೊಂದರೆಗೆ ಒಳಗಾದವರೊಬ್ಬರ ಪ್ರವಾಸ ವಿಮೆಯ ಮೊಕದ್ದಮೆ ಸುಪ್ರೀಂ ಕೋರ್ಟ್‌ವರೆಗೆ ಹೋಗಿತ್ತು. ಶುಗರ್ ಇದೆ ಎಂದು ಅವರು ಮೊದಲೇ ಹೇಳಿದ್ದರು. ಆದರೂ ಕಂಪನಿ, ಕೊಲೆಸ್ಟರಾಲ್ ಮಾತ್ರೆಯ ವಿಷಯ ಮುಚ್ಚಿಟ್ಟಿದ್ದಾರೆ ಎಂದು ತಿರಸ್ಕರಿಸಿತ್ತು. ಆರೋಗ್ಯ ಸ್ಥಿತಿ ಅಳೆದು ನೋಡಿ ಪಾಲಿಸಿ ಕೊಟ್ಟ ಮೇಲೆ, ತಿಳಿಸಿದ್ದ ಕಾಯಿಲೆಯ ಹೆಸರಲ್ಲಿ ಕ್ಲೇಮ್ ನಿರಾಕರಿಸುವಂತಿಲ್ಲ ಎಂದು 2021ರ ಡಿಸೆಂಬರ್‌ನಲ್ಲಿ ಕೋರ್ಟ್ ಅವರ ಪರ ತೀರ್ಪು ಕೊಟ್ಟಿತು. ಅರ್ಜಿಯಲ್ಲಿ 'ಯಾವ ಕಾಯಿಲೆಯೂ ಇಲ್ಲ' ಎಂದು ಏಜೆಂಟ್ ಕೈಯಲ್ಲಿ ಬರೆಸಿದ್ದರೆ ಮಾತ್ರ ಹಾದಿ ಕಷ್ಟ. ಅದನ್ನು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡೇ ಮುಂದೆ ಯೋಚಿಸಿ.

*'ತಡವಾಗಿ ತಿಳಿಸಿದ್ದೀರಿ'.* ತಡಕ್ಕೆ ನಿಜವಾದ ಕಾರಣವಿದ್ದರೆ ಗಡುವು ಮೀರಿದ ಒಂದೇ ನೆಪದಲ್ಲಿ ತಳ್ಳಿಹಾಕಬಾರದು ಎಂದು ಐಆರ್‌ಡಿಎಐ 2011ರ ಸೆಪ್ಟೆಂಬರ್‌ನಲ್ಲೇ ಕಂಪನಿಗಳಿಗೆ ಸೂಚಿಸಿದೆ. ನೀವು ಐಸಿಯುನಲ್ಲಿದ್ದಿರಿ, ಫೋನ್ ಕಳೆದಿತ್ತು, ಏನೇ ಆಗಲಿ, ಆಧಾರದ ಸಮೇತ ಬರೆಯಿರಿ.

*'ದಾಖಲೆ ಸಾಲದು'.* ಇದು ತಿರಸ್ಕಾರವೇ ಅಲ್ಲ, ಬಾಕಿ. ಕೇಳಿದ ಕಾಗದ ಕೊಟ್ಟರೆ ಮುಗಿಯಬಹುದು. ಅದಕ್ಕೂ ದೂರು ಬರೆದು ಒಂದು ತಿಂಗಳು ಕಳೆಯಬೇಡಿ.

*'ಡಿಡಕ್ಟಿಬಲ್‌ಗಿಂತ ಕಡಿಮೆ'.* ಪಾಲಿಸಿಯಲ್ಲಿ ಮೊದಲ 100 ಡಾಲರ್ ನಿಮ್ಮದು ಎಂದಿದ್ದು, ಬಿಲ್ 90 ಡಾಲರ್ ಆಗಿದ್ದರೆ ಬಿಟ್ಟುಬಿಡಿ. ಹಾಗೆಯೇ ವೀಸಾ ಸಿಗದೆ ಪ್ರವಾಸ ರದ್ದಾದದ್ದಕ್ಕೂ ಸಾಮಾನ್ಯವಾಗಿ ದುಡ್ಡು ಬರುವುದಿಲ್ಲ. ಪಾಲಿಸಿಯಲ್ಲಿ ಪಟ್ಟಿ ಮಾಡಿದ ಕಾರಣಗಳಿಗೆ ಮಾತ್ರ. ಗೆಲ್ಲಲಾಗದ ಜಗಳಕ್ಕೆ ಆರು ತಿಂಗಳು ಕೊಡುವುದು ಯಾಕೆ?

ಹಂತ 4: ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆಯಿರಿ

ಪ್ರತಿ ವಿಮಾ ಕಂಪನಿಯಲ್ಲೂ ಕುಂದುಕೊರತೆ ಅಧಿಕಾರಿ, ಚಿಕ್ಕದಾಗಿ ಜಿಆರ್‌ಒ, ಇರಲೇಬೇಕು. ಅವರ ಇಮೇಲ್ ಪಾಲಿಸಿಯ ಕೊನೆಯ ಪುಟಗಳಲ್ಲಿ ಇರುತ್ತದೆ. ದೂರು ಹೋಗಬೇಕಾದದ್ದು ಆ ವಿಳಾಸಕ್ಕೆ. ಕಸ್ಟಮರ್ ಕೇರ್‌ಗೆ ಅಲ್ಲ, ಏಜೆಂಟ್‌ನ ವಾಟ್ಸಾಪ್‌ಗೆ ಅಲ್ಲ, ಕಂಪನಿಯ ಪರವಾಗಿ ಕ್ಲೇಮ್ ಕೆಲಸ ನೋಡುವ ಹೊರಗಿನ ಸಂಸ್ಥೆಗೂ (ಟಿಪಿಎ) ಅಲ್ಲ.

ದೂರು ಒಂದೇ ಪುಟ ಇರಲಿ. ಭಾಷೆ ಹೀಗಿದ್ದರೆ ಸಾಕು:

"ನನ್ನ ಪಾಲಿಸಿ ಸಂಖ್ಯೆ ಇದು, ಕ್ಲೇಮ್ ಸಂಖ್ಯೆ ಇದು. ಈ ತಾರೀಕು ಈ ಊರಿನಲ್ಲಿ ಹೀಗಾಯಿತು. ಇಷ್ಟು ಹಣಕ್ಕೆ ಕ್ಲೇಮ್ ಕೊಟ್ಟೆ. ಈ ತಾರೀಕಿನ ಪತ್ರದಲ್ಲಿ ಷರತ್ತು ಸಂಖ್ಯೆ ಇಷ್ಟರ ಪ್ರಕಾರ ತಿರಸ್ಕರಿಸಿದ್ದೀರಿ. ಆ ಷರತ್ತು ನನಗೆ ಅನ್ವಯಿಸುವುದಿಲ್ಲ, ಯಾಕೆಂದರೆ… (ಎರಡು ಮೂರು ಸಾಲು). ಆಧಾರಗಳನ್ನು ಲಗತ್ತಿಸಿದ್ದೇನೆ. ಇದನ್ನು ಕುಂದುಕೊರತೆ ದೂರು ಎಂದು ದಾಖಲಿಸಿ, ದೂರಿನ ಸಂಖ್ಯೆ ಕೊಟ್ಟು, ಹಣ ಪಾವತಿಸಿ."

'ದೂರು ಎಂದು ದಾಖಲಿಸಿ' ಎಂಬ ಸಾಲು ಬಿಡಬೇಡಿ. ಅದಿಲ್ಲದಿದ್ದರೆ ನಿಮ್ಮ ಇಮೇಲ್ ಬರೀ ಮಾಹಿತಿ ಕೇಳಿದ್ದು ಎಂಬ ಲೆಕ್ಕಕ್ಕೆ ಸೇರಿ ಕಳೆದುಹೋಗುತ್ತದೆ. ಇಮೇಲ್ ಇಲ್ಲದ ಹಿರಿಯರು ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಲಿ. ಕೊಟ್ಟ ದಿನ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ಕಂಪನಿ 14 ದಿನದೊಳಗೆ ದೂರು ಇತ್ಯರ್ಥ ಮಾಡಬೇಕು.

ಈ ಹಂತದಲ್ಲಿ ಅರ್ಧ ಹಣ ಕೊಡುತ್ತೇವೆ, 'ಪೂರ್ತಿ ಸಂದಾಯವಾಯಿತು' ಎಂಬ ಚೀಟಿಗೆ ಸಹಿ ಹಾಕಿ ಎಂದು ಕೇಳಬಹುದು. ಸಹಿ ಹಾಕಿದ ಮಾತ್ರಕ್ಕೆ ಹೆಚ್ಚಿನ ಹಣ ಕೇಳುವ ಹಕ್ಕು ಮುಚ್ಚಿಹೋಗುವುದಿಲ್ಲ ಎಂದು ಐಆರ್‌ಡಿಎಐ 2015ರಲ್ಲಿ ಸ್ಪಷ್ಟಪಡಿಸಿದೆ. ಆದರೂ ನನ್ನ ಸಲಹೆ: ಸಹಿಯ ಪಕ್ಕದಲ್ಲಿ 'ಆಕ್ಷೇಪಣೆಯೊಂದಿಗೆ ಪಡೆದಿದ್ದೇನೆ' ಎಂದು ಕೈಯಲ್ಲಿ ಬರೆದು ಫೋಟೊ ತೆಗೆದುಕೊಳ್ಳಿ. ಆಮೇಲೆ ವಾದ ಮಾಡುವಾಗ ನೆಮ್ಮದಿ.

ಹಂತ 5: ಬಿಮಾ ಭರೋಸಾದಲ್ಲಿ ದಾಖಲಿಸಿ

14 ದಿನ ಕಳೆದರೂ ಉತ್ತರವಿಲ್ಲವೇ? ಅಥವಾ ಬಂದ ಉತ್ತರ ಸರಿಯಿಲ್ಲವೇ? ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲ್‌ನಲ್ಲಿ ದಾಖಲಿಸಿ. 155255ಕ್ಕೆ ಫೋನ್ ಮಾಡಿಯೂ ದಾಖಲಿಸಬಹುದು. ಟೋಕನ್ ಸಂಖ್ಯೆ ಬರುತ್ತದೆ.

ಇಲ್ಲಿ ನಿರೀಕ್ಷೆ ಜಾಸ್ತಿ ಇಟ್ಟುಕೊಳ್ಳಬೇಡಿ. ಐಆರ್‌ಡಿಎಐ ಜಡ್ಜ್ ಅಲ್ಲ. ಕ್ಲೇಮ್ ಸರಿಯೋ ತಪ್ಪೋ ಎಂದು ಅದು ತೀರ್ಪು ಕೊಡುವುದಿಲ್ಲ. ನಿಮ್ಮ ದೂರನ್ನು ಕಂಪನಿಗೆ ಕಳಿಸಿ, ಉತ್ತರ ಬರುತ್ತದೋ ಇಲ್ಲವೋ ನೋಡುತ್ತದೆ. ಆದರೆ ಮೇಲಿನವರ ಕಣ್ಣಿದೆ ಎಂದಾಗ ಕಂಪನಿ ಕಡತವನ್ನು ಮತ್ತೆ ತೆರೆದು ನೋಡುವ ಸಂಭವವಿದೆ. ಖರ್ಚಿಲ್ಲ, ಹತ್ತು ನಿಮಿಷದ ಕೆಲಸ.

ಹಂತ 6: ವಿಮಾ ಓಂಬುಡ್ಸ್‌ಮನ್

ನಿಜವಾದ ತೀರ್ಪು ಸಿಗುವ ಮೊದಲ ಜಾಗ ಇದು. ಫೀಸ್ ಇಲ್ಲ. ವಕೀಲರು ಬೇಕಿಲ್ಲ, ವಕೀಲರ ಮೂಲಕ ಕೊಡುವಂತೆಯೂ ಇಲ್ಲ. ಕರ್ನಾಟಕದವರಿಗೆ ಕಚೇರಿ ಬೆಂಗಳೂರಿನ ಜೆ.ಪಿ. ನಗರ 1ನೇ ಹಂತದ ಜೀವನ್ ಸೌಧ ಕಟ್ಟಡದಲ್ಲಿದೆ. ಬೀದರ್‌ನಿಂದಲೋ ಕಾರವಾರದಿಂದಲೋ ಬಸ್ ಹತ್ತಿ ಬರಬೇಕಿಲ್ಲ, ಆನ್‌ಲೈನ್‌ನಲ್ಲೂ ಅರ್ಜಿ ಹಾಕಬಹುದು. ವಿಡಿಯೊ ಮೂಲಕ ವಿಚಾರಣೆಗೂ 2021ರ ತಿದ್ದುಪಡಿಯಲ್ಲಿ ಅವಕಾಶವಾಗಿದೆ.

ಅರ್ಜಿ ವಾಪಸ್ ಬರಬಾರದು ಎಂದಿದ್ದರೆ ಹಾಕುವ ಮುಂಚೆ ಇಷ್ಟು ಪರೀಕ್ಷೆ ಮಾಡಿಕೊಳ್ಳಿ.

ಕಂಪನಿಗೆ ಬರವಣಿಗೆಯಲ್ಲಿ ದೂರು ಕೊಟ್ಟಿದ್ದೀರಾ? ಅವರು ಅದನ್ನು ತಳ್ಳಿಹಾಕಿರಬೇಕು, ಅಥವಾ ಕೊಟ್ಟ ಉತ್ತರ ನಿಮಗೆ ಒಪ್ಪಿಗೆಯಾಗಿರಬಾರದು, ಅಥವಾ ಉತ್ತರವೇ ಇಲ್ಲದೆ ಒಂದು ತಿಂಗಳು ಕಳೆದಿರಬೇಕು. ಕಂಪನಿಗೆ 14 ದಿನ, ಇಲ್ಲಿಗೆ ಒಂದು ತಿಂಗಳು. ಈ ಎರಡನ್ನು ಕಲಸಿಕೊಂಡು 15ನೇ ದಿನವೇ ಅರ್ಜಿ ಹಾಕುವವರಿದ್ದಾರೆ. ಉತ್ತರ ಬಂದಿದ್ದರೆ ಕಾಯಬೇಕಿಲ್ಲ. ಬಾರದಿದ್ದರೆ ತಿಂಗಳು ತುಂಬಲಿ.

ಆಮೇಲೆ ಒಂದು ವರ್ಷದೊಳಗೆ ಬಂದಿದ್ದೀರಾ? 'ಮಗಳ ಮದುವೆ ಮುಗೀಲಿ, ಆಮೇಲೆ ನೋಡೋಣ' ಎಂದರೆ ವರ್ಷ ಹೋದದ್ದೇ ಗೊತ್ತಾಗುವುದಿಲ್ಲ.

ಇದೇ ವಿಷಯ ಕೋರ್ಟ್‌ನಲ್ಲಾಗಲಿ ಗ್ರಾಹಕರ ಆಯೋಗದಲ್ಲಾಗಲಿ ಇದೆಯೇ? ಇದ್ದರೆ ಇಲ್ಲಿ ತೆಗೆದುಕೊಳ್ಳುವುದಿಲ್ಲ. ಎರಡೂ ಕಡೆ ಒಟ್ಟಿಗೆ ಹಾಕಿದರೆ ಬೇಗ ಆಗುತ್ತದೆ ಎಂದು ಯಾರೋ ಹೇಳಿದ ಮಾತು ಕೇಳಿ ಈ ಉಚಿತ ಬಾಗಿಲನ್ನು ಕೈಯಾರೆ ಮುಚ್ಚಿಕೊಂಡವರನ್ನು ಬಲ್ಲೆ.

ಕೇಳುವ ಹಣ 50 ಲಕ್ಷ ರೂಪಾಯಿಗಿಂತ ಹೆಚ್ಚೇ? ಇಲ್ಲಿನ ಮಿತಿ ಅಷ್ಟೇ. 2023ರವರೆಗೆ ಅದು 30 ಲಕ್ಷವಿತ್ತು.

ಅರ್ಜಿ ಕೊಡುವವರು ಪಾಲಿಸಿದಾರರೇ ಆಗಿರಬೇಕು, ಇಲ್ಲವೇ ಅವರ ನಾಮಿನಿ ಅಥವಾ ವಾರಸುದಾರರು. ಅಪ್ಪನ ಪಾಲಿಸಿಗೆ ಮಗ ತನ್ನ ಹೆಸರಲ್ಲಿ ಅರ್ಜಿ ಹಾಕಿದರೆ ನಡೆಯುವುದಿಲ್ಲ. ಅಪ್ಪನ ಸಹಿ ಹಾಕಿಸಿ. ಅರ್ಜಿ ಸೇರಿದ ಮೇಲೆ ಕಚೇರಿಯಿಂದ ಸಮ್ಮತಿ ಪತ್ರ ಮತ್ತು ಒಂದೆರಡು ನಮೂನೆ ಕಳಿಸುತ್ತಾರೆ. ಅವನ್ನು ತುಂಬಿ ಕೂಡಲೇ ವಾಪಸ್ ಕಳಿಸಿ. ಬೇಕಾದ ಕಾಗದಗಳೆಲ್ಲ ಸೇರಿದ ದಿನದಿಂದ ಮೂರು ತಿಂಗಳೊಳಗೆ ತೀರ್ಪು ಕೊಡಬೇಕು ಎಂದು ನಿಯಮ. ನೀವು ನಮೂನೆ ತಡ ಮಾಡಿದಷ್ಟೂ ಆ ಎಣಿಕೆ ಶುರುವಾಗುವುದೇ ಇಲ್ಲ.

ವಿಚಾರಣೆಯ ದಿನ ಉದ್ದ ಭಾಷಣ ಬೇಡ. ತಾರೀಕುಗಳ ಹಾಳೆ ಎದುರಿಗಿಟ್ಟುಕೊಂಡು ಐದು ನಿಮಿಷದಲ್ಲಿ ಹೇಳಿ. ಕಂಪನಿಯವರು ಷರತ್ತು ಓದುತ್ತಾರೆ. ನೀವು ಅದೇ ಷರತ್ತಿನಲ್ಲಿ ಅವರು ಬಿಟ್ಟ ಪದವನ್ನು ಓದಿ. ಹಂತ 3 ಸರಿಯಾಗಿ ಮಾಡಿದ್ದರೆ ಇದು ಕಷ್ಟವಲ್ಲ.

ತೀರ್ಪು ನಿಮ್ಮ ಪರ ಬಂದರೆ ಕಂಪನಿ 30 ದಿನದೊಳಗೆ ಪಾಲಿಸಬೇಕು. ತಪ್ಪಿದರೆ ದಿನಕ್ಕೆ 5,000 ರೂಪಾಯಿಯಂತೆ ನಿಮಗೆ ದಂಡ ಕೊಡಬೇಕು. ತೀರ್ಪು ಕಂಪನಿಯನ್ನು ಕಟ್ಟಿಹಾಕುತ್ತದೆ, ನಿಮ್ಮನ್ನಲ್ಲ. ಒಪ್ಪಿಗೆಯಾಗದಿದ್ದರೆ ಮುಂದಿನ ಬಾಗಿಲಿಗೆ ಹೋಗಬಹುದು.

ಹಂತ 7: ಗ್ರಾಹಕರ ಆಯೋಗ

2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಕಂಪನಿಯ ಕಚೇರಿ ಮುಂಬೈನಲ್ಲಿದ್ದರೂ ಧಾರವಾಡದವರು ಧಾರವಾಡದಲ್ಲೇ ಹಾಕಬಹುದು. ಗ್ರಾಹಕರ ಆಯೋಗಗಳ ಇ-ಜಾಗೃತಿ ಪೋರ್ಟಲ್ ಮೂಲಕ ಮನೆಯಿಂದಲೂ ಆಗುತ್ತದೆ.

ಯಾವ ಆಯೋಗ ಎಂಬುದು ನೀವು ಕೊಟ್ಟ ಬೆಲೆಯ ಮೇಲೆ ತೀರ್ಮಾನವಾಗುತ್ತದೆ, ಕೇಳುವ ಪರಿಹಾರದ ಮೇಲಲ್ಲ. ವಿಮೆಯಲ್ಲಿ ಬೆಲೆ ಎಂದರೆ ಪ್ರೀಮಿಯಂ. 50 ಲಕ್ಷದವರೆಗೆ ಜಿಲ್ಲಾ ಆಯೋಗ, ಹಾಗಾಗಿ ಪ್ರವಾಸ ವಿಮೆಯ ಜಗಳ ಎಷ್ಟೇ ದೊಡ್ಡದಾದರೂ ಜಿಲ್ಲಾ ಆಯೋಗಕ್ಕೇ ಬರುತ್ತದೆ. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಫೀಸ್ ಇಲ್ಲ. ಗಡುವು ಎರಡು ವರ್ಷ. ಇದನ್ನು ತಿರಸ್ಕಾರ ಪತ್ರದ ತಾರೀಕಿನಿಂದಲೇ ಎಣಿಸಿಕೊಳ್ಳಿ. ಓಂಬುಡ್ಸ್‌ಮನ್‌ನಲ್ಲಿ ಕಳೆದ ಸಮಯವನ್ನು ಬಿಟ್ಟು ಲೆಕ್ಕ ಹಾಕುವ ಧೈರ್ಯ ಮಾಡಬೇಡಿ.

ವಕೀಲರಿಲ್ಲದೆ ನೀವೇ ವಾದಿಸಬಹುದು. ಸಣ್ಣ ಮೊತ್ತಕ್ಕೆ ಹಾಗೇ ಮಾಡಿ. ಆಸ್ಪತ್ರೆಯ ದೊಡ್ಡ ಬಿಲ್ ಆಗಿದ್ದರೆ, ವೈದ್ಯರ ಅಭಿಪ್ರಾಯಗಳ ಮೇಲೆ ಜಗಳ ನಿಂತಿದ್ದರೆ, ವಕೀಲರಿಗೆ ಕೊಡುವ ದುಡ್ಡು ದಂಡವಲ್ಲ. ಜಿಲ್ಲಾ ಆಯೋಗದಲ್ಲಿ ಸೋತರೆ 45 ದಿನದೊಳಗೆ ರಾಜ್ಯ ಆಯೋಗಕ್ಕೆ ಮೇಲ್ಮನವಿ.

ದಾರಿಯಲ್ಲಿ ಕಾಣುವ ಅಪಾಯದ ಗುರುತುಗಳು

ದೂರು ಕೊಟ್ಟ ಮೇಲೆ 'ಐಆರ್‌ಡಿಎಐನಿಂದ ಮಾತಾಡ್ತಿದ್ದೀವಿ, ನಿಮ್ಮ ಕ್ಲೇಮ್ ಪಾಸಾಗಿದೆ, ಫೈಲ್ ಚಾರ್ಜ್ ಕಟ್ಟಿ' ಎಂದು ಫೋನ್ ಬಂದರೆ ಇಟ್ಟುಬಿಡಿ. ಐಆರ್‌ಡಿಎಐ ಪಾಲಿಸಿ ಮಾರುವುದಿಲ್ಲ, ಬೋನಸ್ ಹಂಚುವುದಿಲ್ಲ. ಓಂಬುಡ್ಸ್‌ಮನ್ ಕಚೇರಿಯೂ ದುಡ್ಡು ಕೇಳುವುದಿಲ್ಲ. ಈಗಾಗಲೇ ಕಟ್ಟಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಬರುವ ಹಣದಲ್ಲಿ ಪಾಲು ಕೇಳುವ 'ಕ್ಲೇಮ್ ಸಲಹೆಗಾರ'ರ ಬಗ್ಗೆಯೂ ಹುಷಾರು. ನಿಮ್ಮ ಮೂಲ ಕಾಗದಗಳನ್ನು ಅವರ ಕೈಗೆ ಕೊಟ್ಟರೆ ವಾಪಸ್ ಪಡೆಯುವುದೇ ಇನ್ನೊಂದು ಜಗಳವಾಗುತ್ತದೆ.

ಕಂಪನಿಯಿಂದ ಪ್ರತಿ ವಾರ ಒಂದೊಂದು ಹೊಸ ಕಾಗದ ಕೇಳುತ್ತಿದ್ದರೆ ಅದೂ ಒಂದು ಗುರುತೇ. 'ಬೇಕಾದ ಎಲ್ಲ ದಾಖಲೆಗಳ ಪಟ್ಟಿಯನ್ನು ಒಂದೇ ಸಲ ಕೊಡಿ' ಎಂದು ಇಮೇಲ್ ಮಾಡಿ. ಕೊನೆಯ ಕಾಗದ ಕೊಟ್ಟ ತಾರೀಕನ್ನು ಹಾಳೆಯಲ್ಲಿ ಬರೆದಿಡಿ. ಹಣ ತಡವಾದರೆ ರಿಸರ್ವ್ ಬ್ಯಾಂಕಿನ 'ಬ್ಯಾಂಕ್ ದರ'ಕ್ಕಿಂತ ಶೇ. 2ರಷ್ಟು ಹೆಚ್ಚಿನ ಬಡ್ಡಿ ಕೇಳುವ ಹಕ್ಕು ನಿಮಗಿದೆ.